ಹತ್ತನೇ ತರಗತಿಯ ಸಭಾತ್ಯಾಗ

ಗೆಳೆಯರೇ, ಇವತ್ತು ಮುಳಬಾಗಿಲು ಪಕ್ಕದ ನಮ್ಮ ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿಗೆ ಅಣಕು ವಿಧಾನಸಭೆ ಮಾಡಿಸಿದೆ. ನಾನೇ ಸಭಾಧ್ಯಕ್ಷ. ಪ್ರಶ್ನೆ ಕೇಳಿದರೆ ಕಿಟಕಿಯಾಚೆ ನೋಡುವ ಹುಡುಗರೆಲ್ಲ ಮುಗಿಬಿದ್ದು ವಿರೋಧ ಪಕ್ಷ ಸೇರಿದರು. ಯಾಕಿರಬಹುದು?

ಶಾಲೆಯ ನಲ್ಲಿಯಲ್ಲಿ ನೀರಿಲ್ಲದ ಬಗ್ಗೆ ಚರ್ಚೆ ಶುರುವಾಯಿತು. ವಿರೋಧ ಪಕ್ಷದ ನಾಯಕ ಮಂಜ ತಕ್ಷಣ ಎದ್ದ.

"ಅನ್ಯಾಯ! ಪದಂಡ್ರಾ, ಹೋಗೋಣ!"

ಅಷ್ಟೂ ಜನ ಮೈದಾನಕ್ಕೆ ಹೋಗಿ ಕಬಡ್ಡಿ ಹೂಡಿದರು. ಹಿಂದೆಯೇ ಓಡಿದೆ.

"ಏನ್ರೋ ಇದು?"

"ಸಭಾತ್ಯಾಗ ಸಾರ್. ಟೀವೀಲಿ ನೋಡಿಲ್ವಾ?"

ವಾಪಸ್ ಬಂದರೆ ಮುಖ್ಯಮಂತ್ರಿ ಸುಧಾ ನಗುತ್ತಿದ್ದಳು.

"ಅವ್ರಿಲ್ದಾಗ್ಲೇ ಹೋಂವರ್ಕ್ ರದ್ದು ಮಸೂದೆ ಪಾಸ್ ಮಾಡ್ಬಿಟ್ವಿ ಸಾರ್."

"ನಲ್ಲಿ ನೀರು?"

"ಮುಂದಿನ ಅಧಿವೇಶನಕ್ಕೆ ಸಾರ್."

ಏನೂ ಕಲಿಯದವರಿಗೆ ಸೊನ್ನೆ ಹಾಕಿ ಅಭ್ಯಾಸವಿದೆ. ಇಷ್ಟು ಚೆನ್ನಾಗಿ ಕಲಿತವರಿಗೆ ಎಷ್ಟು ಹಾಕಲಿ?