ಇಪ್ಪತ್ತಮೂರನೆಯ ಪೆನ್ ಡ್ರೈವ್

ನಮ್ಮ ದ್ವೀಪದ ಶಾಲೆಯಲ್ಲಿ ಪ್ರಿಂಟರ್ ಇರುವುದು ಒಂದೇ, ಮುಖ್ಯೋಪಾಧ್ಯಾಯಿನಿ ಓರ್ಲಿನಾ ಮೇಡಂ ಕೋಣೆಯಲ್ಲಿ. ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪೂ ಒಂದೇ. ಇಪ್ಪತ್ತೆರಡು ಜನ ಶಿಕ್ಷಕರು, ಇಪ್ಪತ್ತೆರಡು ಪೆನ್ ಡ್ರೈವ್, ಎಲ್ಲವೂ ಆ ಒಂದೇ ಕಿಂಡಿಗೆ. ವೈರಸ್ಸಿನ ಹುಳ ಹತ್ತದೆ ಇನ್ನೇನಾಗುತ್ತದೆ ಹೇಳಿ.

ಆ ಹುಳ ಬಿಡಿಸುವ ಕರ್ಮ ಕ್ರಿಸಾಂತೋ ಲುಮಾಪಾಸ್ ಸರ್ ಪಾಲಿಗೆ ಬಂದಿತ್ತು. ಅವರು ಆರನೆಯ ತರಗತಿಗೆ ವಿಜ್ಞಾನ ಹೇಳುವ ಮೇಷ್ಟ್ರು. ಹನ್ನೊಂದು ವರ್ಷದ ಹಿಂದೆ ಮೀಟಿಂಗಿನಲ್ಲಿ "ಕಂಪ್ಯೂಟರ್ ಯಾರಿಗೆ ಬರುತ್ತೆ?" ಎಂದು ಕೇಳಿದಾಗ ನಾವೆಲ್ಲ ತಲೆ ತಗ್ಗಿಸಿದೆವು, ಅವರು ತಗ್ಗಿಸುವುದು ಒಂದು ಗಳಿಗೆ ತಡವಾಯಿತು. ಅಂದಿನಿಂದ ಅವರೇ ಕಂಪ್ಯೂಟರ್ ಕೋಆರ್ಡಿನೇಟರ್. ಅದಕ್ಕಾಗಿ ಪಾಠದ ಒಂದು ಪೀರಿಯಡ್ಡೂ ಕಡಿಮೆಯಾಗಲಿಲ್ಲ. ಊಟದ ಬಿಡುವಿನಲ್ಲಿ ಒಣಮೀನು, ಅನ್ನದ ಡಬ್ಬಿ ಪಕ್ಕಕ್ಕಿಟ್ಟು ನಮ್ಮ ಡ್ರೈವ್‌ಗಳನ್ನು ತೊಳೆಯುತ್ತಿದ್ದರು. ಅವರು ಬಿಸಿ ಅನ್ನ ಉಂಡಿದ್ದನ್ನು ನಾನಂತೂ ನೋಡಿಲ್ಲ.

ಈ ಹುಳ ಏನನ್ನೂ ಕದಿಯುವುದಿಲ್ಲ, ಬಚ್ಚಿಡುತ್ತದೆ. ಡ್ರೈವ್‌ನೊಳಗಿನ ಫೋಲ್ಡರ್ ಅಡಗಿಸಿ, ಅದೇ ಹೆಸರಿನ ಸುಳ್ಳು ಫೋಲ್ಡರ್ ಇಟ್ಟು ಕಾಯುತ್ತದೆ. ನಾವು ಅದನ್ನು ಒತ್ತಿದರೆ ಹುಳ ಲ್ಯಾಪ್‌ಟಾಪಿಗೆ ಇಳಿದು, ಆಮೇಲೆ ನಮ್ಮ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಯಾರಿಗೂ ಅನುಮಾನವೇ ಬರುವುದಿಲ್ಲ. ಅಲ್ಲಿಂದ ಮುಂದೆ ಚುಚ್ಚಿದ ಡ್ರೈವ್‌ಗೆಲ್ಲ ಅಂಟುತ್ತದೆ.

"ಮೊದ್ಲು ಲ್ಯಾಪ್‌ಟಾಪ್, ಆಮೇಲೆ ಡ್ರೈವು. ಕೊಚ್ಚೆ ನೀರಲ್ಲಿ ಮೀನು ತೊಳೆದ್ರೆ ಏನು ಬಂತು?" ಎನ್ನುತ್ತಿದ್ದರು ಸರ್. ಒಳಗೆ ಓಡುತ್ತಿರುವ ಹುಳವನ್ನು ನಿಲ್ಲಿಸಬೇಕು, ಲ್ಯಾಪ್‌ಟಾಪ್ ಶುರುವಾದೊಡನೆ ಅದು ಏಳದ ಹಾಗೆ ಬೇರು ಕಿತ್ತುಹಾಕಬೇಕು, ಆಮೇಲೆ ಒಂದೊಂದೇ ಡ್ರೈವ್‌ನಲ್ಲಿ ಸುಳ್ಳು ಫೋಲ್ಡರ್ ಅಳಿಸಿ ನಿಜವಾದದ್ದನ್ನು ಹೊರಗೆ ತರಬೇಕು. ಇಪ್ಪತ್ತೆರಡು ಸಲ. ಒಂದು ಬಿಟ್ಟರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಆ ವರ್ಷ ಮಾರ್ಚಿನಲ್ಲಿ ಆದದ್ದು ಬೇರೆಯೇ. ಮಕ್ಕಳ ಅಂಕಗಳನ್ನು ಡ್ರೈವ್‌ನಲ್ಲಿ ತುಂಬಿ ದೋಣಿಯಲ್ಲಿ ಆಚೆ ದಡದಲ್ಲಿರುವ ಶಿಕ್ಷಣ ಇಲಾಖೆಯ ಡಿವಿಷನ್ ಆಫೀಸಿಗೆ ಒಯ್ದೆವು. ಅಂಕದ ಜೊತೆ ಹುಳವೂ ದೋಣಿ ಹತ್ತಿತು. ಮಂಗಳವಾರ ಸರ್ ಹೆಸರಿಗೆ ಮೆಮೊ ಬಂತು: ಹುಳ ಎಲ್ಲಿಂದ ಬಂತು, ಯಾರ ತಪ್ಪು, ಮುಂದಿನ ಗುರುವಾರದೊಳಗೆ ಬರೆದು ಕೊಡಿ.

ಸರ್ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮಾಸ್ಟರ್ ಟೀಚರ್ ಎಂಬ ಬಡ್ತಿಗೆ ಎರಡು ಸಲ ಅರ್ಜಿ ಹಾಕಿ ಸೋತಿದ್ದರು. ಮೂರನೆಯ ಅರ್ಜಿ ಅದೇ ಆಫೀಸಿನ ಮೇಜಿನ ಮೇಲಿತ್ತು. ಹೆಸರಿಗೆ ಒಂದು ಕಪ್ಪು ಚುಕ್ಕೆ ಬಿದ್ದರೆ ಮುಗಿಯಿತು, ಇನ್ನೊಂದು ಸಲ ಎನ್ನುವುದೇ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಶುಕ್ರವಾರ ಬಿಸ್ಕತ್ತಿನ ಡಬ್ಬಿ ಹಿಡಿದು ತರಗತಿಯಿಂದ ತರಗತಿಗೆ ಹೋದೆ. "ಕೊಡ್ರೀ ಡ್ರೈವು! ನಿಮ್ಮ ಸೋಮಾರಿತನಕ್ಕೆ ಆ ಮನುಷ್ಯ ಸಾಯ್ಬೇಕಾ?"

"ಅಬ್ಬಬ್ಬಾ, ವಿಸ್ಸಿ ಮೇಡಂ ಪೊಲೀಸ್ ಸೇರಿದ್ದು ಯಾವಾಗ್ರೀ?" ಎಂದು ಯಾರೋ ನಕ್ಕರು. ನನ್ನದೂ ಸೇರಿ ಇಪ್ಪತ್ತೆರಡು ಡ್ರೈವ್ ಎಣಿಸಿ ಸರ್ ಮುಂದಿಟ್ಟೆ. ಮೂರು ಗಂಟೆಯ ಹೊತ್ತಿಗೆ ಎಲ್ಲ ತೊಳೆದು ನಂಬರ್ ಚೀಟಿ ಅಂಟಿಸಿದರು. ಲ್ಯಾಪ್‌ಟಾಪೂ ಸ್ವಚ್ಛ.

ಸೋಮವಾರ ನೋಡಿದರೆ ಮತ್ತೆ ಹುಳ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತಂತೆ.

ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದು ಶುಕ್ರವಾರ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಬಂದು ಕೂತಿದೆ. ಟೈಮು ಇಲ್ಲೇ ಇದೆ ನೋಡಿ." ಆಮೇಲೆ ಮೆಲ್ಲಗೆ ಕೇಳಿದರು, "ವಿಸ್ಸಿ ಮೇಡಂ, ಆವಾಗ ಈ ಕೋಣೇಲಿ ನೀವಿದ್ರಲ್ವಾ?"

"ಇದ್ದೆ ಸರ್. ಆದ್ರೆ ನನ್ನ ಡ್ರೈವ್ ನಿಮ್ಮ ಡಬ್ಬೀಲೇ ಇತ್ತಲ್ಲ!"

"ಬೇರೆ ಏನೂ ಚುಚ್ಚಿಲ್ವಾ?"

"ಊರಿಗೆಲ್ಲ ಹೇಳೋಳು ನಾನು, ನನ್ನ ಮೇಲೇ ಅನುಮಾನನಾ ಸರ್?"

"ಹಾಗಲ್ಲ ಮೇಡಂ, ಬಿಡಿ" ಎಂದು ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗಿದರು. ನನಗೆ ಸಿಟ್ಟು ಬಂದು ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬುಧವಾರ ಓರ್ಲಿನಾ ಮೇಡಂ ಹುಟ್ಟುಹಬ್ಬ. ಪಾಠ ಮುಗಿದ ಮೇಲೆ ಅಂಗಳದಲ್ಲಿ ಪನ್ಸಿತ್ ಶಾವಿಗೆಯ ದೊಡ್ಡ ತಟ್ಟೆ, ಪರದೆಯ ಮೇಲೆ ಸಾಲು ನೋಡಿಕೊಂಡು ಹಾಡಲು ಬಾಡಿಗೆಗೆ ತಂದ ಹೊಸ ನಮೂನೆಯ ವಿಡಿಯೋಕೆ ಪೆಟ್ಟಿಗೆ. ನಾನಿಲ್ಲದೆ ನಮ್ಮಲ್ಲಿ ಯಾರ ಮನೆಯ ಹಾಡೂ ಶುರುವಾಗುವುದಿಲ್ಲ. ನಾಮಕರಣವೋ ಬೀಳ್ಕೊಡುಗೆಯೋ, ನನ್ನ ಕೆಂಪು ಡ್ರೈವ್ ಹೋಗಲೇಬೇಕು. ಚೀಲದಿಂದ ತೆಗೆದು ಪೆಟ್ಟಿಗೆಗೆ ಚುಚ್ಚಿದೆ. ಪರದೆಯ ಮೇಲೆ ಒಂದು ಹಾಡೂ ಕಾಣಲಿಲ್ಲ.

"ಮೇಡಂ, ಹಾಡೆಲ್ಲ ನುಂಗಿಬಿಟ್ರಾ?" ಎಂದು ಎಲ್ಲರೂ ನಕ್ಕರು.

ಸರ್ ತಟ್ಟೆ ಹಿಡಿದು ಹಿಂದೆ ನಿಂತಿದ್ದರು. "ಇದಕ್ಕೆ ಹಾಡು ಎಲ್ಲಿಂದ ತುಂಬ್ತೀರಿ?"

"ಓರ್ಲಿನಾ ಮೇಡಂ ಲ್ಯಾಪ್‌ಟಾಪಿಂದ. ಪ್ರತಿ ಶುಕ್ರವಾರ. ಆದ್ರೆ ಸರ್, ಇದು ಹಾಡಿಂದು, ಕಂಪ್ಯೂಟರಿಂದಲ್ಲ..."

ಆಗ ಹೊಳೆಯಿತು. ನನ್ನ ತಲೆಯಲ್ಲಿ ಅದು ಎಂದೂ ಪೆನ್ ಡ್ರೈವ್ ಆಗಿರಲೇ ಇಲ್ಲ. ಅದು ಹಬ್ಬದ ಸಾಮಾನು, ತಟ್ಟೆ ಲೋಟದ ಹಾಗೆ. ಊರಿನ ಹಳೆ ಪೆಟ್ಟಿಗೆಗಳೊಳಗೆ ಇರುವುದೂ ಕಂಪ್ಯೂಟರೇ, ಅವುಗಳ ಕೊಳೆಯನ್ನೆಲ್ಲ ಹೊತ್ತು ತಂದು ನಾನೇ ವಾರವಾರವೂ ಶಾಲೆಗೆ ಸುರಿದಿದ್ದೆ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಸರ್ ತಟ್ಟೆ ಇಟ್ಟು ಓರ್ಲಿನಾ ಮೇಡಂ ಕೋಣೆಯ ಕಡೆ ಹೊರಟರು, ಅವರ ಹಿಂದೆಯೇ ಓಡಿದೆ. "ಸರ್, ನಾನೇ ಬರ್ಕೊಡ್ತೀನಿ. ನಾಳೆ ಮೊದಲ ದೋಣಿಗೇ ಹೋಗ್ತೀನಿ."

"ಕಾಗದ ಇವತ್ತು ಬೆಳಗ್ಗೆನೇ ಹೋಯ್ತು ಮೇಡಂ."

"ಯಾರ ತಪ್ಪು ಅಂತ ಬರೆದ್ರಿ?"

"ನಂದೇ ಡ್ರೈವಿಂದ ಬಂತು ಅಂತ."

"ಗೊತ್ತಿದ್ದೂ?"

"ಸೋಮವಾರಾನೇ ಅನ್ನಿಸ್ತು. ನಿಮಗಿನ್ನೂ ಹತ್ತೊಂಬತ್ತು ವರ್ಷ ಸರ್ವೀಸಿದೆ. ಯಾರದೋ ಒಂದು ಹೆಸರು ಬರೀಲೇಬೇಕಿತ್ತು. ನನ್ನ ಹೆಸರು ಹೇಗಿದ್ರೂ ಆ ಮೆಮೊ ಮೇಲೇ ಇತ್ತು."

"ಹಾಗಂತ ಸುಮ್ನಿರಕ್ಕಾಗುತ್ತಾ ಸರ್? ನಾನು ಹೋಗೇ ಹೋಗ್ತೀನಿ!"

"ಹೋದ್ರೆ ನಾನು ಬರೆದಿದ್ದು ಸುಳ್ಳು ಅಂತಾಗುತ್ತೆ. ಆಗ ಹುಳದ ಜೊತೆಗೆ ಸುಳ್ಳಿನ ಕೇಸೂ ನನ್ನ ಮೇಲೇ." ಕುರ್ಚಿಯಲ್ಲಿ ಕುಸಿದು ಕೂತರು. "ಸಾಕಾಗಿದೆ ಮೇಡಂ. ಅದನ್ನ ಇಲ್ಲಿ ಕೊಡಿ, ತೊಳೆದುಬಿಡ್ತೀನಿ."

ನಾನು ಅಳುತ್ತಾ ನಿಂತಿದ್ದೆ, ಅವರು ತೊಳೆದರು. ಇನ್ನೂರ ಹದಿನಾಲ್ಕು ಹಾಡು, ಒಂದೂ ಬಿಡದೆ ಹೊರಗೆ ಬಂದವು. ಇಪ್ಪತ್ತಮೂರು ಎಂದು ಚೀಟಿ ಬರೆದು ಅಂಟಿಸಿ ಕೈಗೆ ಕೊಟ್ಟರು. "ಹೋಗಿ ಹಾಡಿ, ಕಾಯ್ತಿದಾರೆ."

ಅದಾದ ಮೇಲೆ ನಮ್ಮ ಶಾಲೆಯಲ್ಲಿ ಹುಳ ಕಾಣಿಸಿಕೊಂಡಿಲ್ಲ.

ಮೇ ತಿಂಗಳಲ್ಲಿ ಮಾಸ್ಟರ್ ಟೀಚರ್‌ಗಳ ಪಟ್ಟಿ ಬಂತು, ಒಂದು ಪೆನ್ ಡ್ರೈವ್‌ನಲ್ಲಿ. ಕ್ರಿಸಾಂತೋ ಸರ್ ಮೊದಲು ಅದನ್ನು ತಪಾಸಣೆ ಮಾಡಿದರು. ಆಮೇಲೆ ತಮ್ಮ ಹೆಸರಿಲ್ಲದ ಆ ಪಟ್ಟಿಯನ್ನು ಪ್ರಿಂಟ್ ತೆಗೆದು, ಅಂಗಳದ ಹಲಗೆಗೆ ತಾವೇ ನಾಲ್ಕು ಮೂಲೆಗೂ ಪಿನ್ ಚುಚ್ಚಿದರು.