ಕರಕರ ಇಲ್ಲದ ದನಿ

ಹೆಂಡತಿಯ ಗಂಟಲಿನ ಆಪರೇಷನ್ನಿಗೆ ಒಂಬತ್ತು ದಿನ ಉಳಿದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ದನಿ ಹೋಗುತ್ತದೆ, ಹಿಡಿದಿಟ್ಟುಕೊಳ್ಳುವುದಿದ್ದರೆ ಈಗಲೇ ರೆಕಾರ್ಡ್ ಮಾಡಿಕೊಳ್ಳಿ ಎಂದು ಡಾಕ್ಟರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಊರು ಬಿಟ್ಟು ಬಂದು ನಾವು ನೆಲೆಸಿರುವ ಖಡಕಿಗೆ ರಿಕ್ಷಾದಲ್ಲಿ ಮರಳಿದೆವು. ಮನೆಗೆ ಬಂದು ಚಹಾಕ್ಕೆ ಇಟ್ಟ ಮೇಲೆ ಅವಳು, "ನಿಮ್ಮ ಹೆಸರಾ ಹೇಳಿ ಇಡ್ತೇನ್ರಿ" ಎಂದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತದ ಕುಪ್ಪಸಗಳಲ್ಲಿ ಎಲ್ಲರೂ ಗಂಟುಬಿದ್ದಾಗ ಮಾತ್ರ ಪ್ರಾಸದ ಸಾಲುಗಳ ಒಡಪು ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಹೇಳುತ್ತಾರೆ. ಮದುವೆಯ ದಿನ ಇವಳೂ ಹೇಳಿದ್ದಳಂತೆ. ಬಾಜಾದವರ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಬರೀ "ಏನ್ರಿ" ಎಂದೇ ಕರೆದವಳು ಈಗ ಹೆಸರು ಹೇಳುತ್ತೇನೆ ಎಂದಾಗ ನನಗೆ ಖುಷಿಯೂ ಆಯಿತು, ಅಳುವೂ ಬಂತು.

ಇಂಥದ್ದನ್ನು ಫೋನಿನಲ್ಲಿ ಹಿಡಿಯುವುದೇ? ಛೇ! ಒಳ್ಳೆಯ ಮೈಕ್ ತಂದು ಮನೆಯ ಹಳೆ ಕಂಪ್ಯೂಟರಿಗೆ ಸಿಕ್ಕಿಸಿದೆ. ಅವಳು ಒಡಪು ಹೇಳಿದಳು, ಹೆಸರನ್ನೂ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಪರದೆಯ ಮೇಲೆ ಕುಣಿಯುವ ಗೆರೆಯನ್ನು ನೋಡುತ್ತಿದ್ದೆ. ಮತ್ತೆ ಹಾಕಿ ಕೇಳಿದರೆ ಉದ್ದಕ್ಕೂ ಕರಕರ, ಒಣ ಹಪ್ಪಳ ಮುರಿದ ಹಾಗೆ.

ನಾನು ಆಯುಷ್ಯವನ್ನೆಲ್ಲ ಕಾರಖಾನೆಯ ತಪಾಸಣೆ ವಿಭಾಗದಲ್ಲಿ ಸವೆಸಿದವನು. ಕೂದಲೆಳೆಯಷ್ಟು ಗೀರಿದ್ದರೂ ಮಾಲಿಗೆ ಕೆಂಪು ಬಣ್ಣ ಬಳಿದು ಗುಜರಿಗೆ ಎಸೆಯುತ್ತಿದ್ದೆ. ಕೆಟ್ಟದ್ದನ್ನು ಒಂದು ಗಳಿಗೆ ಇಟ್ಟುಕೊಂಡರೂ ಒಳ್ಳೆಯದರ ಜೊತೆ ಬೆರೆತುಹೋಗುತ್ತದೆ. ಅದೇ ರೂಢಿಯಲ್ಲಿ ಆ ರೆಕಾರ್ಡಿಂಗನ್ನು ಅಳಿಸಿಬಿಟ್ಟೆ.

ಮರುದಿನ ಮೈಕಿನ ವೈರು ಬದಲಿಸಿದೆ. ಕರಕರ. ಕಂಪ್ಯೂಟರಿನ ಮುಂದಿನ ತೂತಿನಿಂದ ಕಿತ್ತು ಹಿಂದಿನದಕ್ಕೆ ಹಾಕಿದೆ. ಕರಕರ. ಸೌಂಡಿನ ಡ್ರೈವರ್ ಪ್ರೋಗ್ರಾಮ್ ತೆಗೆದು ಹೊಸದು ಹಾಕಿದೆ, ಸೌಂಡ್ ಕಾರ್ಡನ್ನೇ ಬಿಚ್ಚಿ ಒರೆಸಿ ಕೂಡ್ರಿಸಿದೆ. ಪ್ರತಿ ಸಲವೂ ಅವಳನ್ನು ಕರೆದು ಹೇಳಿಸುವುದು, ಕೇಳುವುದು, ಅವಳು ಎದ್ದುಹೋದ ಮೇಲೆ ಅಳಿಸುವುದು.

"ಇರ್ಲಿ ಬಿಡ್ರಿ. ನಾ ಏನ್ ಹೇಳಿದೆ ಅಂತ ತಿಳೀತದಲ್ಲ?"

"ತಿಳೀತದ. ಆದ್ರ ಕರಕರ ಅದ. ಇನ್ನೊಮ್ಮೆ ಹೇಳು."

"ಕಾರಖಾನಿ ಬಿಟ್ರೂ ನಿಮ್ಮ ಚಟಾ ಬಿಡಲಿಲ್ಲ ನೋಡ್ರಿ" ಎಂದು ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು. ದಿನದಿಂದ ದಿನಕ್ಕೆ ದನಿ ಸಣ್ಣಗಾಗುತ್ತಿದ್ದುದು ನನಗೂ ಕೇಳಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಅದಕ್ಕೇ ಇನ್ನಷ್ಟು ಅವಸರ ಮಾಡಿದೆ.

ಎಂಟನೆಯ ದಿನ ಮಧ್ಯಾಹ್ನ ಕಂಪ್ಯೂಟರಿನ ತಗಡಿಗೆ ಕೈ ತಾಗಿತು, ಕರಕರ ನಿಂತಿತು. ಕೈ ತೆಗೆದೆ, ಮತ್ತೆ ಶುರು. ಅರ್ಥಿಂಗ್ ಇಲ್ಲ! ಗೋಡೆಯ ಸಾಕೆಟ್ಟಿನಲ್ಲಿ ಎರಡೇ ತೂತು ಎಂದು ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದವನು ನಾನೇ, ವರ್ಷಗಳ ಹಿಂದೆ. ಊರಿನ ಮಾಲೆಲ್ಲ ತಪಾಸಣೆ ಮಾಡಿದ ಮಹಾಶಯ ಸ್ವಂತ ಮನೆಯ ಪ್ಲಗ್ ನೋಡಿರಲಿಲ್ಲ. ಅಡುಗೆಮನೆಯ ಮೂರು ತೂತಿನ ಸಾಕೆಟ್ಟಿನಿಂದ ವೈರು ಎಳೆದೆ. ಮೈಕಿನ ಕರಕರ ಹೋಯಿತು.

"ಬಾ, ಬಾ, ಸರಿ ಆತು!"

ಬಂದು ಕೂತಳು. ಬಾಯಿ ತೆರೆದಳು. ಬರೀ ಉಸಿರು ಬಂತು. ಬಿಸಿನೀರು ಕುಡಿಸಿದೆ, ಸಂಜೆಯ ತನಕ ಕಾದೆ, ಉಸಿರೇ. ಆಗ ಮಾಡಿದ ರೆಕಾರ್ಡಿಂಗಿನಲ್ಲಿ ಗೋಡೆಯ ಗಡಿಯಾರ ಕೂಡ ಸ್ಪಷ್ಟವಾಗಿ ಕೇಳಿಸುತ್ತದೆ. ಮೊದಲಿನವು ಇವೆಯಲ್ಲ ಎಂದು ಅವಳು ಕೈಸನ್ನೆ ಮಾಡಿದಳು. ಮರುದಿನ ಆಪರೇಷನ್ ಇತ್ತು. "ಅದಾವ" ಎಂದೆ.

ಈಗ ಅವಳು ಪಾಟಿಯ ಮೇಲೆ ಬಳಪದಿಂದ ಬರೆದು ಮಾತಾಡುತ್ತಾಳೆ. ಕೂತರೆ ನಿಂತರೆ ಒರೆಸಿ ಒರೆಸಿ ಬರೆಯುತ್ತಾಳೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ನಾನು ಕಂಪ್ಯೂಟರಿನ ಮೂಲೆ ಮೂಲೆ ಹುಡುಕಿದೆ. ಅಳಿಸಲು ಮರೆತ ಒಂದೇ ಒಂದು ತುಣುಕು ಸಿಕ್ಕಿತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದೆ.

"ಜೇಜುರಿ ಗುಡ್ಡಕ್ಕ ಅರಿಷಿಣ ಭಂಡಾರದ ಬಣ್ಣ, ಹಚ್ಚಿಟ್ಟ ತಾಟಿನ್ಯಾಗ ತುಪ್ಪ ಅನ್ನ, ಹೊತ್ತಿಗೆ ಸರಿಯಾಗಿ ಮನಿಗೆ ಬರ್ತಾರ ನಮ್ಮ…"

ಅಷ್ಟರಲ್ಲಿ ನನ್ನ ದನಿ. "ತಡಿ ತಡಿ. ಕರಕರ ಬಂತು."

ಮುಂದೆ ಏನೂ ಇಲ್ಲ. ತಲೆಯೆತ್ತಿದರೆ ಅವಳು ಎದುರಿಗೆ ನಿಂತಿದ್ದಳು, ಕೈಯಲ್ಲಿ ಪಾಟಿ. "ಹೆಸರು ಚೊಲೊ ಕೇಳಸ್ತದೇನ್ರಿ?" ಎಂದು ಬರೆದಿದ್ದಳು.

"ಹೂಂ," ಎಂದೆ. "ಭಾಳ ಚೊಲೊ ಕೇಳಸ್ತದ."