ಸದ್ದಡಗಿದ ಫ್ರಿಜ್

ಗಡಗಡ ಸದ್ದು ಮಾಡುತ್ತಿದ್ದ ಫ್ರಿಜ್ ರಿಪೇರಿಗೆ ದೋಣಿಮಲೈ ಕ್ವಾರ್ಟರ್ಸಿಗೆ ಹೋಗಿದ್ದೆ. ಹಕ್ಕಿ ಸಾಕುವವರ ವಾಟ್ಸಾಪ್ ಗ್ರೂಪಿನಲ್ಲಿ ಸಲಹೆ ಬರೆಯುವವನು ನಾನೇ ಎಂದು ತಿಳಿದು ಆ ಮನೆಯ ಅಕ್ಕ ಚಹಾ ತಂದರು. ನನಗೂ ಒಳಗೊಳಗೇ ಜಂಬ. ಮೂಲೆಯಲ್ಲಿದ್ದ ಲವ್‌ಬರ್ಡ್ಸ್ ಪಂಜರ ಮಾತ್ರ ಖಾಲಿ ಇತ್ತು.

"ಲವ್‌ಬರ್ಡ್ಸ್ ಎಲ್ರೀ ಅಕ್ಕಾ?"

"ದೋಸಿ ಹಾಕೋ ಮುಂದ ನಾನ್‌ಸ್ಟಿಕ್ ಹಂಚು ಭಾಳ ಕಾದು ಹೊಗಿ ಎದ್ದಿತ್ತಣ್ಣಾ. ಎರಡೂ ಸತ್ತು ಬಿದ್ದವು."

"ಆ ಹೊಗಿ ಹಕ್ಕಿಗೆ ವಿಷ ಅಂತ ಮೊದಲೇ ಬರದಿದ್ನಲ್ರೀ!"

"ನೀವು ಬರದದ್ದು ಖರೇನ ಇರ್ತದಂತ ಓದದನ ಎಲ್ಲರಿಗೂ ಫಾರ್ವರ್ಡ್ ಮಾಡಿಬಿಟ್ಟಿದ್ದೆ. ಬಾಜೂ ಮನಿಯವ್ರು ಓದಿ, ಅವತ್ತೇ ಹಂಚು ಬದಲಿಸಿದ್ರು."

ಕೆಲಸ ಮುಗಿಸಿದೆ. ಫ್ರಿಜ್ಜಿನ ಸದ್ದು ಅಡಗಿತು. ಗೋಡೆಯಾಚೆ ಬಾಜೂ ಮನೆಯ ಹಕ್ಕಿಗಳ ಚಿಲಿಪಿಲಿ ಈಗ ಚೆನ್ನಾಗಿ ಕೇಳತೊಡಗಿತು. ಅಕ್ಕ ಪಂಜರದ ಕಡೆ ನೋಡಿದರು.

ಆವತ್ತು ರಿಪೇರಿ ಅಷ್ಟು ನೆಟ್ಟಗೆ ಮಾಡಬಾರದಿತ್ತು.